ಇನ್ಸಾಫ್ ಮೀನುಗಳಿಗೆ ಸೂಜಿ ಹಾಕಿಸಿದ್ದು

ಬುರುಲ್ಲುಸ್ ಸರೋವರದ ಅಂಚಿನಲ್ಲಿ, ನಮ್ಮ ಕೊಳದ ಪಕ್ಕದ್ದೇ ಇನ್ಸಾಫಳ ಕೊಳ. ಗಂಡ ತೀರಿಕೊಂಡ ಮೇಲೆ ಬುಲ್ತಿ ಮೀನು ಸಾಕುವ ಕೆಲಸವನ್ನು ಅವಳೇ ಹಿಡಿದಳು. ಹಿಂದಿನ ಬೇಸಿಗೆಯಲ್ಲಿ ನೀರು ಕಾದಾಗ ರೋಗ ಬಿತ್ತು. ಮೀನುಗಳು ಕಣ್ಣು ಉಬ್ಬಿ, ಹೊಟ್ಟೆ ಮೇಲಾಗಿ ತೇಲಿದವು. ಇನ್ನೊಂದು ಸಲ ಹೀಗಾದರೆ ಕೊಳ ತನಗೆ ಬಿಡಬೇಕೆಂದು ಮೈದುನ ಮಿತ್ವಲ್ಲಿ ಎಲ್ಲರೆದುರು ಹೇಳಿದ. ಅವಳು ಒಪ್ಪಿದಳು, ಬೇರೆ ದಾರಿಯಿರಲಿಲ್ಲ.

ಈ ಸಲ ರಂಜಾನಿನಲ್ಲಿ, ನೀರು ಬೆಚ್ಚಗಾಗುತ್ತಲೇ, ಮೀನಿನ ಡಾಕ್ಟರಮ್ಮನನ್ನು ಕರೆಸಿದಳು.

"ಸೂಜಿಯಲ್ಲಿರೋದು ಸತ್ತ ರೋಗಾಣು. ಅದನ್ನ ಕಂಡು ಮೀನಿನ ಮೈ ಪ್ರತಿಕಾಯ ಮಾಡ್ಕೊಳತ್ತೆ. ಆಮೇಲೆ ನಿಜವಾದ ರೋಗ ಬಂದ್ರೆ ಗುರುತು ಹಿಡಿದು ಬಡಿಯತ್ತೆ. ಆದ್ರೆ ಸೂಜಿ ಹಾಕೋ ಹಿಂದಿನ ದಿನ ಮೇವು ಹಾಕಬೇಡಿ" ಅಂದರು ಡಾಕ್ಟರಮ್ಮ.

ಇನ್ಸಾಫ್ ಹಾಗೇ ಮಾಡಿದಳು. ಸಂಜೆ ಮಸೀದಿಯ ಕೂಗು ಕೇಳಿ ನಾವು ಖರ್ಜೂರ ಬಾಯಿಗಿಡುವ ಹೊತ್ತಿಗೆ, ಅವಳ ಅತ್ತೆ ಹಮೀದಾ ದಡಕ್ಕೆ ಹೋಗಿ ಚೀಲದ ಮೇವನ್ನೆಲ್ಲ ಸುರಿದುಬಿಟ್ಟರು.

"ಅವೂ ಪಾಪ ಉಪವಾಸ ಇದ್ವಲ್ಲೇ. ಬಿಡೋ ಹೊತ್ತಾಯ್ತು ಅಂತ ಹಾಕ್ದೆ."

ಬೆಳಿಗ್ಗೆ ಬಲೆ, ದೋಣಿ, ಆಳುಗಳು ಎಲ್ಲ ಸಿದ್ಧ. ಡಾಕ್ಟರಮ್ಮ ಒಂದು ಮೀನಿನ ಹೊಟ್ಟೆ ಒತ್ತಿ ನೋಡಿ, ಆಗದೆಂದು ತಲೆಯಾಡಿಸಿದರು. "ತುಂಬಿದೆ. ಸೂಜಿ ಕರುಳಿಗೆ ತಾಗಿದ್ರೆ ಮೀನೇ ಉಳಿಯಲ್ಲ."

"ಚುಚ್ರಿ ಸುಮ್ನೆ, ಆಳುಗಳ ಕೂಲಿ ದಂಡ" ಎಂದ ಮಿತ್ವಲ್ಲಿ. ಇನ್ಸಾಫ್ ಆಳುಗಳ ಕಡೆ ತಿರುಗಿ, ನಾಳೆ ಬನ್ನಿ ಅಂದಳು.

"ಮೀನಿಗೆ ಉಪವಾಸ ಆಯ್ತು. ನಾಳೆ ನಮಾಜೂ ಮಾಡಿಸ್ತೀಯಾ ಅತ್ತಿಗೆ?"

"ನೀನು ಮೊದ್ಲು ಮಾಡಪ್ಪ, ಅವು ನೋಡಿ ಕಲೀತವೆ."

ಆಳುಗಳ ಜೊತೆ ನಾನೂ ನಕ್ಕೆ. ಅವತ್ತು ಸಂಜೆ ಅವಳು ಮೇವಿನ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಪಕ್ಕದಲ್ಲೇ ಕೂತು ಸೂಪು ಕುಡಿಸಿದಳು. ಮರುದಿನ ಮೀನುಗಳನ್ನು ಮಂಪರು ಬರಿಸುವ ಮದ್ದು ಬೆರೆಸಿದ ನೀರಲ್ಲಿ ಅದ್ದಿ, ಒಂದೊಂದರ ಹೊಟ್ಟೆಗೂ ಸೂಜಿ ಹಾಕಿದರು.

ಬೇಸಿಗೆ ಏರಿತು. ಒಂದೇ ಕಾಲುವೆಯ ನೀರು ಎಲ್ಲರಿಗೂ. ಮಿತ್ವಲ್ಲಿಯ ಕೊಳದಲ್ಲಿ ಉಬ್ಬುಗಣ್ಣಿನ ಮೀನುಗಳು ತೇಲತೊಡಗಿದವು, ನಮ್ಮ ಕೊಳದಲ್ಲೂ. ಇನ್ಸಾಫ್ ದಿನವೂ ನಸುಕಿಗೇ ಎದ್ದು ದಡ ಸುತ್ತುತ್ತಿದ್ದಳು. ಅಲ್ಲೊಂದು ಇಲ್ಲೊಂದು ಸತ್ತವು, ಉಳಿದವು ಮೇವಿಗೆ ಮುಗಿಬೀಳುತ್ತಲೇ ಇದ್ದವು.

ಬಲೆ ಎಳೆದ ದಿನ ನೀರೇ ಕುದಿದಂತೆ ಮೀನು ಚಿಮ್ಮಿದವು. ಊರೆಲ್ಲ ದಡದಲ್ಲಿತ್ತು. ಮಿತ್ವಲ್ಲಿ ಬಲೆಗೆ ಕೈ ಹಚ್ಚಿದ. ಬಹಳ ಹೊತ್ತು ಎಳೆದ ಮೇಲೆ, "ಕೊಳ ನಿಂದೇ ಕಣಮ್ಮ. ಮುಂದಿನ ಸಲ ಆ ಡಾಕ್ಟ್ರಮ್ಮನ್ನ ನನ್ನ ಕೊಳಕ್ಕೂ ಕರ್ಕೊಂಡು ಬಾ" ಎಂದ.

"ಬರ್ತಾರೆ. ಈಗ ಬಲೆ ಸಡಿಲ ಬಿಡಬೇಡ" ಎಂದಳು ಇನ್ಸಾಫ್. ಹಮೀದಾ ನಾಲಿಗೆ ಆಡಿಸಿ ಹರ್ಷದ ಕೂಗು ಹಾಕಿದರು. ನಾವು ಹೆಂಗಸರೆಲ್ಲ ದನಿಗೂಡಿಸಿದೆವು.