ದಿಂಬಿನ ಲಾರಿಯ ಉಬ್ಬಸ

ಮೂಗಣ್ಣನಿಗೆ ಆ ಹೆಸರು ಬಂದದ್ದು ಮೂಗಿನ ಗಾತ್ರದಿಂದಲ್ಲ, ಅದಕ್ಕೆ ಅವನು ಕೊಟ್ಟಿದ್ದ ಕೆಲಸದಿಂದ. ಗ್ಯಾರೇಜಿಗೆ ಯಾವ ಗಾಡಿ ಬಂದರೂ ಬಾನೆಟ್ ಎತ್ತುವ ಮೊದಲು ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಕಣ್ಣು ಮುಚ್ಚಿ, ಮೂಗನ್ನು ಅದರ ಬಾಯಿಗೆ ಹಿಡಿದು ಉಸಿರು ಎಳೆಯುತ್ತಿದ್ದ. ಪೆಟ್ರೋಲು ಹಳೆಯದೋ ಹೊಸದೋ, ನೀರು ಬೆರೆತಿದೆಯೋ ಇಲ್ಲವೋ ಅಂತ ಅಲ್ಲೇ ತೀರ್ಪು ಕೊಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ತೀರ್ಪು ತಪ್ಪಿದ್ದು ಎರಡೇ ಸಲ. ಅದೂ ಅವನ ಲೆಕ್ಕದಲ್ಲಿ.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಬೀದಿಯವರೆಲ್ಲ ನರ್ಸಮ್ಮ ಅಂತ ಕರೆದೂ ಕರೆದೂ ಕೊನೆಗೆ ಅವನೂ ಹಾಗೇ ಕರೆಯುತ್ತಿದ್ದ. "ನೀವು ಆ ವಾಸನೆ ಕುಡಿಯೋದು ನಿಲ್ಲಿಸದಿದ್ರೆ ಒಂದು ದಿನ ನಮ್ಮ ವಾರ್ಡಿಗೇ ಬರ್ತೀರಿ" ಅಂತ ಆಕೆ ಆಗಾಗ ಹೇಳುವುದು, ಅವನು ತಲೆ ಆಡಿಸುವುದು, ಇವೆರಡೂ ಆ ಮನೆಯಲ್ಲಿ ಗಡಿಯಾರದ ಟಿಕ್ ಟಿಕ್ ಇದ್ದ ಹಾಗೆ. ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಹೀಗಿರುವಾಗ ದಿಂಬಿನವನ ಲಾರಿ ಬಂತು. ದಿಂಬಿನವನು ದಿಂಬು, ಹಾಸಿಗೆ ಹೊಲಿಸಿ ಊರೂರಿಗೆ ಸಾಗಿಸುವ ಮನುಷ್ಯ. ತಾನೂ ಚೆನ್ನಾಗಿ ಹತ್ತಿ ತುಂಬಿದ ಹಾಗೇ ಇದ್ದ. ಹತ್ತಿಗೆ ಭಾರವಿಲ್ಲ, ಹಳೇ ಎಂಜಿನ್ನೇ ಧಾರಾಳ ಸಾಕಾಗಿತ್ತು. ಆದರೂ ಏರು ದಾರಿಯಲ್ಲಿ ಬಸ್ಸುಗಳು ಹಿಂದೆ ಹಾಕುತ್ತವೆ ಎಂಬ ಸಂಕಟಕ್ಕೆ ದೊಡ್ಡದೊಂದು ಪೆಟ್ರೋಲ್ ಎಂಜಿನ್ ಕೂರಿಸಿ, ಅದಕ್ಕೆ ಗಾಳಿಗೆ ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರನ್ನು ಜೋಡಿಯಾಗಿ ಹಾಕಿಸಿದ್ದ.

"ಅರ್ಧ ಗಂಟೆ ಕುದುರೆ ಥರ ಓಡುತ್ತೆ ಅಣ್ಣಾ" ಅಂದ ದಿಂಬಿನವನು. "ಆಮೇಲೆ ಉಬ್ಬಸ. ಮುಂದಕ್ಕೆ ಜಗ್ಗುತ್ತೆ, ಹಿಂದಕ್ಕೆ ಜಗ್ಗುತ್ತೆ, ಮೂತಿಯಿಂದ ಠುಸ್ ಠುಸ್ ಅಂತ ಸೀನುತ್ತೆ. ನಿಮ್ಮ ಗೇಟಿನವರೆಗೂ ಸೀನ್ಕೊಂಡೇ ಬಂತು."

ಮೂಗಣ್ಣ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಪೆಟ್ರೋಲು ಚೊಕ್ಕವಾಗಿತ್ತು. ಮುಚ್ಚಳ ಹಾಕಿ, ಎಂಜಿನ್ ಶುರು ಮಾಡಿದ. ಲಾರಿ ಕೊಳಲಿನ ಹಾಗೆ ನುಡಿಯಿತು. ಬೀದಿ ಎರಡು ಸುತ್ತು ಹಾಕಿದರೂ ಒಂದು ಸೀನಿಲ್ಲ.

"ಈಗೇನೂ ಇಲ್ವಲ್ಲ" ಅಂದ.

"ನಾನೇನು ಸುಳ್ಳು ಹೇಳ್ತೀನಾ?" ಅಂದ ದಿಂಬಿನವನು, ಮುಖ ಊದಿಸಿಕೊಂಡು.

ಮೂರು ದಿನಕ್ಕೆ ಮತ್ತೆ ಬಂದ. ಮೂಗಣ್ಣ ಮತ್ತೆ ಮೂಸಿದ, ಲಾರಿ ಮತ್ತೆ ಕೊಳಲು. ಆದರೆ ಈ ಸಲ ಪ್ಲಗ್ಗುಗಳನ್ನು ಬಿಚ್ಚಿ ನೋಡಿದ. ತುದಿಗಳೆಲ್ಲ ಸುಣ್ಣ ಬಳಿದಷ್ಟು ಬೆಳ್ಳಗಿದ್ದವು. ದಿಂಬಿನವನು ಸುಳ್ಳು ಹೇಳಿರಲಿಲ್ಲ. "ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ. ಬರೀ ಗಾಳಿ ತಿಂದು ಓಡ್ತಿದೆ. ಇದನ್ನ ಲೀನ್ ಅಂತೀವಿ" ಅಂದ ಮೂಗಣ್ಣ.

"ಲೀನ್ ಅಂದ್ರೆ?"

"ಬಡಕಲು."

ದಿಂಬಿನವನು ತನ್ನ ಹೊಟ್ಟೆಯನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿ, "ನನ್ನ ಗಾಡಿಗಾ?" ಅಂದ.

ಎಲ್ಲೋ ಸಂದಿಯಿಂದ ಗಾಳಿ ನುಗ್ಗುತ್ತಿರಬೇಕು ಅಂತ ಮೂಗಣ್ಣ ಎಂಜಿನ್ ಓಡುವಾಗ ಕಾರ್ಬ್ಯುರೇಟರಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಚಿಮುಕಿಸಿದ. ಸದ್ದು ಎಳ್ಳಷ್ಟೂ ಬದಲಾಗಲಿಲ್ಲ. ಸೋರಿಕೆ ಇರಲಿಲ್ಲ. ಹಾಗಾದರೆ ಪೆಟ್ರೋಲು ಬರುವ ತೂತೇ ಸಣ್ಣದು ಎಂದುಕೊಂಡು ಆ ತೂತಿನ ಜೆಟ್‌ಗಳನ್ನು ಬಿಚ್ಚಿ ದೊಡ್ಡವನ್ನು ಹಾಕಿದ. ಲಾರಿ ಮೊದಲ ಅರ್ಧ ಗಂಟೆ ಕಪ್ಪು ಹೊಗೆ ಉಗುಳಿತು, ಆಮೇಲೆ ಯಥಾಪ್ರಕಾರ ಸೀನಿತು. ಹೊಗೆ ನೇರವಾಗಿ ಹಿಂದಿನ ಸರಕಿಗೆ ಬಡಿದು, ಹೋಟೆಲಿಗೆ ಹೋಗಬೇಕಿದ್ದ ಬಿಳಿ ದಿಂಬುಗಳು ಬೂದು ಬೆಕ್ಕಿನ ಬಣ್ಣಕ್ಕೆ ತಿರುಗಿದವು. ದಿಂಬಿನವನು ಅವುಗಳಲ್ಲಿ ಒಂದನ್ನು ತಂದು ಮೂಗಣ್ಣನ ಬೆಂಚಿನ ಮೇಲಿಟ್ಟು ಹೋದ.

ಮೂಗಣ್ಣನಿಗೆ ಊಟ ಸೇರಲಿಲ್ಲ. ಅದರ ಮೇಲೆ ನೆಗಡಿ ಬೇರೆ ಹಿಡಿಯಿತು. ಮೂಗು ಎರಡೂ ಕಡೆ ಬಂದ್.

ಮಾರನೆಯ ಮಧ್ಯಾಹ್ನ ಲಾರಿ ಬಂದಾಗ ಅವನು ಮುಚ್ಚಳ ಮುಟ್ಟಲಿಲ್ಲ. ಮುಟ್ಟಿ ಪ್ರಯೋಜನವೂ ಇರಲಿಲ್ಲ. "ಇಳೀಬೇಡಿ. ಹೀಗೇ ಏರು ರಸ್ತೆಗೆ ನಡೀರಿ" ಅಂದು ಪಕ್ಕಕ್ಕೆ ಹತ್ತಿ ಕೂತ. ದಾರಿಯಲ್ಲಿ ಡ್ಯೂಟಿ ಮುಗಿಸಿ ನಿಂತಿದ್ದ ನರ್ಸಮ್ಮ ಸಿಕ್ಕಳು. ಬಸ್ಸು ತಪ್ಪಿತ್ತು, ಅವಳೂ ಹತ್ತಿದಳು. ಅರ್ಧ ಏರು ಹತ್ತುವಷ್ಟರಲ್ಲಿ ಲಾರಿ ಜಗ್ಗಿತು, ಠುಸ್ ಅಂದಿತು, ಮೂಗಣ್ಣನೂ ಸೀನಿದ, ಲಾರಿ ಮತ್ತೆ ಠುಸ್ ಅಂದಿತು, ಹೀಗೆ ಇಬ್ಬರೂ ಸರದಿಯಲ್ಲಿ ಸೀನುತ್ತ ಹೋಗಿ ಒಂದು ಕಡೆ ನಿಂತೇಬಿಟ್ಟರು.

ಮೂಗಣ್ಣ ಇಳಿದು ಪೈಪು, ಪಂಪು ತಡಕಿ, ಪೆಟ್ರೋಲ್ ಫಿಲ್ಟರಿನ ಗಾಜಿನ ಬಟ್ಟಲು ನೋಡಿದ. ಖಾಲಿ. "ಟ್ಯಾಂಕ್ ಅರ್ಧ ತುಂಬಿದೆ, ಪೈಪು ಸರಿಯಿದೆ, ಪಂಪ್ ಸರಿಯಿದೆ. ಆದ್ರೂ ಪೆಟ್ರೋಲು ಕೆಳಗೆ ಬರ್ತಿಲ್ಲ" ಅಂದ.

ನರ್ಸಮ್ಮ ಕಿಟಕಿಯಿಂದ ತಲೆ ಹಾಕಿ ಕೇಳಿದಳು. "ಒಳಗೆ ಗಾಳಿ ಹೋಗ್ತಿದೆಯೇನ್ರೀ?"

"ಗಾಳಿ ಜಾಸ್ತಿ ಆಗಿರೋದೇ ಕಾಯಿಲೆ ಕಣೇ."

"ಎಂಜಿನ್ನಿಗಲ್ಲ, ಟ್ಯಾಂಕಿಗೆ. ಗಾಜಿನ ಬಾಟ್ಲಿಯಲ್ಲಿ ಡ್ರಿಪ್ ಹಾಕಿದಾಗ ಬಾಟ್ಲಿಗೆ ಗಾಳಿ ಹೋಗೋಕೆ ಒಂದು ಸೂಜಿ ಚುಚ್ತೀವಿ. ಅದು ಕಟ್ಕೊಂಡ್ರೆ ಬಾಟ್ಲಿ ತುಂಬಿದ್ರೂ ಒಂದು ಹನಿ ಬೀಳಲ್ಲ. ಡ್ರಿಪ್ ನಿಂತ್ರೆ ನಾವು ಮೊದಲು ನೋಡೋದೇ ಅದನ್ನ."

ಮೂಗಣ್ಣ ನಿಧಾನವಾಗಿ ಟ್ಯಾಂಕಿನ ಹತ್ತಿರ ಹೋಗಿ ಮುಚ್ಚಳ ತಿರುಗಿಸಿದ. ಗ್ಯಾರೇಜಿನ ಪಕ್ಕ ದಿನವಿಡೀ ತಗಡು ಬಡಿಯುವ ಸದ್ದಿಗೆ ಎಂದೂ ಕೇಳಿಸಿರದ ಒಂದು ಸದ್ದು ಈಗ ಆ ನಿಶ್ಶಬ್ದದಲ್ಲಿ ಕೇಳಿಸಿತು. ಟ್ಯಾಂಕು, ಮುಳುಗಿ ಮೇಲೆದ್ದವನ ಹಾಗೆ, ಸುಯ್ಯೆಂದು ಉಸಿರೆಳೆದುಕೊಂಡಿತು. ಗಾಜಿನ ಬಟ್ಟಲಿಗೆ ಪೆಟ್ರೋಲು ಗುಳುಗುಳು ಇಳಿಯಿತು.

ಕೈಯಲ್ಲಿದ್ದ ಮುಚ್ಚಳವನ್ನು ಮಗುಚಿ ನೋಡಿದರೆ ಹೊಳೆಯುವ ಹಿತ್ತಾಳೆ, ಒಳಗೆ ನಾಲ್ಕು ಪದರ ರಬ್ಬರು, ಸೂಜಿ ತೂರುವಷ್ಟೂ ತೂತಿಲ್ಲ.

"ಇದನ್ನ ಯಾರು ಮಾಡಿದ್ದು?"

"ಲೇತಿನವನ ಹತ್ರ ನಾನೇ ಮಾಡಿಸಿದ್ದು" ಅಂದ ದಿಂಬಿನವನು ಹೆಮ್ಮೆಯಿಂದ. "ದಿಂಬಿಗೆಲ್ಲ ಪೆಟ್ರೋಲ್ ವಾಸನೆ ಹಿಡಿಯುತ್ತೆ ಅಂತ ಗಿರಾಕಿಗಳು ಬೈತಿದ್ರು. ಈಗ ಇರುವೆ ಉಸಿರೂ ಒಳಗೆ ಹೋಗಲ್ಲ."

ಮೂಗಣ್ಣ ರಸ್ತೆಯಂಚಿನ ಕಲ್ಲಿನ ಮೇಲೆ ಕೂತ. ಟ್ಯಾಂಕು ಉಸಿರು ಕಟ್ಟಿ ಬಂದಾಗಲೆಲ್ಲ ತಾನೇ ಮುಚ್ಚಳ ತೆಗೆದು, ಮೂಸಿ, ಕಾಯಿಲೆ ವಾಸಿ ಮಾಡಿ, ಆಮೇಲೆ ಕಾಯಿಲೆ ಎಲ್ಲಿದೆ ಅಂತ ಹುಡುಕುತ್ತಿದ್ದುದು ಅವನಿಗೆ ಒಂದೊಂದಾಗಿ ಹೊಳೆಯಿತು. ಕಿವಿ ಕೆಂಪಾಯಿತು. ಹೆಂಡತಿಯ ಕಡೆ ನೋಡಿದ. ಅವಳು ನಗು ತಡೆಯಲು ಟಿಫಿನ್ ಡಬ್ಬಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಡಬ್ಬಿ ಕುಲುಕುತ್ತಿತ್ತು.

ಗ್ಯಾರೇಜಿಗೆ ವಾಪಸು ಬಂದು ಮುಚ್ಚಳಕ್ಕೆ ಕೂದಲೆಳೆಯಷ್ಟು ತೂತು ಕೊರೆದು, ಹಳೇ ಜೆಟ್ ಮತ್ತೆ ಹಾಕಿದ. ಒಂದು ವಾರದ ಮೇಲೆ ಪ್ಲಗ್ಗುಗಳು ಇರಬೇಕಾದ ಬಿಸ್ಕತ್ತಿನ ಬಣ್ಣಕ್ಕೆ ಬಂದವು. ದಿಂಬಿನವನು ಎರಡು ಬಸ್ಸುಗಳನ್ನು ಹಿಂದೆ ಹಾಕಿ, ಮೂರನೆಯದಕ್ಕೆ ಕೈಬೀಸಿದನಂತೆ.

ಈ ಸುದ್ದಿಯನ್ನು ಅವನು ಹೋದಲ್ಲೆಲ್ಲ ಹೇಳಿದ. ಈಗ ಗ್ಯಾರೇಜಿಗೆ ಬರುವವರು ಗಾಡಿ ನಿಲ್ಲಿಸಿ ಮೊದಲು ಕೇಳುವುದು, "ನರ್ಸಮ್ಮನ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತೆ?" ಅಂತ. ಮೊನ್ನೆ ಬಸ್ ಡ್ರೈವರ್ ಒಬ್ಬ ಕ್ಲಚ್ ತೋರಿಸುವ ನೆಪದಲ್ಲಿ ಕ್ಲಚ್ ತುಳಿಯುವ ಮಂಡಿಯನ್ನೂ ತೋರಿಸಿದ. ನರ್ಸಮ್ಮ ಮಂಡಿ ಒತ್ತಿ ನೋಡಿ, "ಕ್ಲಚ್ ನಮ್ಮವರು ನೋಡ್ತಾರೆ. ಇದಕ್ಕೆ ನಾಳೆ ಹತ್ತು ಗಂಟೆಗೆ ಓಪಿಡಿಗೆ ಬನ್ನಿ" ಅಂದಳು. ಮೂಗಣ್ಣ ಆಗಲೇ ಬಸ್ಸಿನ ಕೆಳಗೆ ತೂರಿಯಾಗಿತ್ತು. ಅಲ್ಲಿಂದಲೇ, "ಹದಿನೇಳನೇ ನಂಬರ್ ಸ್ಪಾನರ್ ಕೊಡೇ" ಅಂದ.

ಅವಳು ಹತ್ತೊಂಬತ್ತು ಕೊಟ್ಟಳು. ಬೇಕಾಗಿದ್ದುದೂ ಅದೇ.