ಫಿನ್ಲೆಂಡ್ ಪಾಠದ ಉಳಿದ ಅರ್ಧ

ರಾಯಲ್ಪಾಡಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಚರಿತ್ರೆ ಹೇಳಿ ನಿವೃತ್ತರಾದ ರಾಮಚಂದ್ರಪ್ಪ ಮೇಷ್ಟ್ರಿಗೆ, ಪುಸ್ತಕದಲ್ಲಿಲ್ಲದ ಪಾಠವೆಂದರೆ ಪಂಚಪ್ರಾಣ. ಮಾವು ಹೂಬಿಡುವ ಹೊತ್ತಿಗೆ, ಪೋರ್ಷನ್ ಮುಗಿದಿರಲಿ ಬಿಡಲಿ, ಎರಡನೇ ಮಹಾಯುದ್ಧದ ಕಾಲದ ಫಿನ್ಲೆಂಡಿನ ಯುದ್ಧ ಹೇಳಿಯೇ ತೀರುತ್ತಿದ್ದರು. ದೈತ್ಯ ಸೋವಿಯತ್ ಸೈನ್ಯ ಪುಟ್ಟ ದೇಶದ ಮೇಲೆ ಏರಿ ಬಂದದ್ದು, ಬಿಳಿ ಬಟ್ಟೆ ತೊಟ್ಟ ಫಿನ್ನರು ಕಾಲಿಗೆ ಸ್ಕೀ ಹಲಗೆ ಕಟ್ಟಿ ಹಿಮದ ಮೇಲೆ ಜಾರುತ್ತಾ ಬಂದು ಆ ಸೈನ್ಯವನ್ನು ಕಾಡುದಾರಿಯಲ್ಲಿ ತುಂಡು ತುಂಡು ಮಾಡಿದ್ದು, ಅಡುಗೆಯ ಗಾಡಿಗಳನ್ನೇ ಹುಡುಕಿ ಹೊಡೆದು ಶತ್ರುವಿಗೆ ಬಿಸಿ ಊಟ ತಪ್ಪಿಸಿದ್ದು, ಒಂದನ್ನೂ ಬಿಡುತ್ತಿರಲಿಲ್ಲ. ನಡುವೆ ತಮ್ಮ ಬಿಳಿ ಶಲ್ಯವನ್ನು ಒಬ್ಬ ಹುಡುಗನಿಗೆ ಹೊದಿಸಿ, ಸುಣ್ಣದ ಗೋಡೆಗೆ ಒರಗಿಸಿ, ಎಲ್ಲಿದ್ದಾನೆ ತೋರಿಸ್ರಲೇ ಎನ್ನುತ್ತಿದ್ದರು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ಹೊಡೆಯುತ್ತಿತ್ತು.

ಕೊನೆಯನ್ನು ಮಾತ್ರ ನುಂಗಿಬಿಡುತ್ತಿದ್ದರು. ನೂರೈದು ದಿನ ಕಾದಾಡಿದ ಮೇಲೆ ಫಿನ್ಲೆಂಡ್ ಒಪ್ಪಂದಕ್ಕೆ ಸಹಿ ಹಾಕಿ ಹತ್ತರಲ್ಲೊಂದು ಪಾಲು ನೆಲ ಬಿಟ್ಟುಕೊಟ್ಟಿತು. ನಾಲ್ಕು ಲಕ್ಷ ಜನ ಮನೆಮಠ ಕಳೆದುಕೊಂಡರು. ಮೊದಲ ವರ್ಷ ಇದನ್ನೂ ಹೇಳಿದ್ದರು. ಮಕ್ಕಳ ಮುಖ ಬಾಡಿತು, ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಮಾರನೆಯ ವರ್ಷದಿಂದ "ದೇಶ ಉಳಿಯಿತು" ಎನ್ನುವಲ್ಲಿಗೇ ಪಾಠ ನಿಂತಿತು. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮೇಷ್ಟ್ರಿಗೂ ಚಪ್ಪಾಳೆಯ ರುಚಿ ಹತ್ತುತ್ತದೆ, ಅದೇನು ನಟರಿಗೆ ಮಾತ್ರವೇ?

ಶಲ್ಯ ಹೊದ್ದು ಗೋಡೆಗೆ ಒರಗಿದ ಹುಡುಗರಲ್ಲಿ ಕದಿರೇಶ್ ಒಬ್ಬ. ದೊಡ್ಡವನಾಗಿ ಸೈನ್ಯ ಸೇರಿದ. ಹಿಮದ ಗಡಿಠಾಣೆಯೊಂದರಲ್ಲಿ ಅವನ ಎರಡೂ ಪಾದಗಳ ಬೆರಳುಗಳು ಚಳಿಗೆ ಸತ್ತವು. ಆಸ್ಪತ್ರೆಯಲ್ಲಿ ಬೆರಳು ಕತ್ತರಿಸಿ ಅವನನ್ನು ಮನೆಗೆ ಕಳಿಸಿದರು. ಸುದ್ದಿ ಕೇಳಿದ ದಿನದಿಂದ ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಅವನ ಮನೆಯ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಹಾಲಿಗೆ ಹೋಗತೊಡಗಿದರು.

ಈ ಸಲದ ಗಣರಾಜ್ಯೋತ್ಸವಕ್ಕೆ ಹೆಡ್‌ಮಿಸ್ ಶ್ವೇತ ಇಬ್ಬರನ್ನೂ ಕರೆದು ವೇದಿಕೆಯ ಮೇಲೆ ಅಕ್ಕಪಕ್ಕ ಕೂರಿಸಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕದಿರೇಶ್ ಮೈಕ್ ಹಿಡಿದು, ತಾನು ಸೈನ್ಯಕ್ಕೆ ಹೋದದ್ದೇ ಮೇಷ್ಟ್ರ ಪಾಠದಿಂದ ಎಂದ. ಆಮೇಲೆ ಅದೇ ಪಾಠವನ್ನು ಅವರದೇ ಧಾಟಿಯಲ್ಲಿ ಹೇಳಿ, ದೇಶ ಉಳಿಯಿತು ಎನ್ನುವಲ್ಲಿಗೆ ನಿಲ್ಲಿಸಿದ. ಮಕ್ಕಳು ಚಪ್ಪಾಳೆ ಹೊಡೆದರು. ಎದುರು ಸಾಲಿನಲ್ಲಿ ಎಂಟನೇ ಕ್ಲಾಸಿನ ಹುಡುಗರ ಕಣ್ಣು ಹೊಳೆಯುತ್ತಿದ್ದದ್ದನ್ನು ಮೇಷ್ಟ್ರು ಕಂಡರು. ನಾಳೆ ಇವರೂ ಅರ್ಧ ಪಾಠ ನಂಬಿ ಹೊರಡುವವರೇ ಎನಿಸಿತು.

ಮೇಷ್ಟ್ರು ಎದ್ದು ನಿಂತರು.

"ಕದಿರೇಶಾ, ನಾನು ನಿಂಗೆ ಪೂರ್ತಿ ಹೇಳ್ಲಿಲ್ಲ ಕಣೋ. ಕೊನೇಲಿ ಅವ್ರು ನೆಲ ಬಿಟ್ಟುಕೊಟ್ರು. ಇಪ್ಪತ್ತೈದು ಸಾವಿರ ಜನ ಸತ್ರು. ಚಪ್ಪಾಳೆ ನಿಂತೋಗುತ್ತೆ ಅಂತ ಮುಚ್ಚಿಟ್ಟೆ. ತಪ್ಪು ನಂದು."

ಕದಿರೇಶ್ ಮೇಷ್ಟ್ರತ್ತ ತಿರುಗಿದ.

"ಆವಾಗ್ಲೇ ಹೇಳಿದ್ರೂ ನಾನು ಹೋಗ್ತಿದ್ದೆ ಸಾರ್," ಎಂದ. "ಆದ್ರೆ ನೀವು ಹೇಳ್ಬೇಕಾಗಿತ್ತು."

ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಮೈಕನ್ನು ಅವರ ಕೈಗಿಟ್ಟು, ಈ ಮಕ್ಕಳಿಗಾದರೂ ಪೂರ್ತಿ ಹೇಳಿ ಎಂದ. ಮೇಷ್ಟ್ರು ಮತ್ತೆ ಮೊದಲಿನಿಂದ ಶುರು ಮಾಡಿದರು. ಪಾಠ ಮುಗಿಯುವವರೆಗೂ, ಕೂರು ಎಂದು ಎಷ್ಟು ಹೇಳಿದರೂ ಕೂರದೆ, ಕದಿರೇಶ್ ಬೆರಳಿಲ್ಲದ ಪಾದಗಳ ಮೇಲೆ ನಿಂತೇ ಕೇಳಿದ.