ಮುನ್ನಿಗೆ ಮಾಡಿದ ಉಪಚಾರ

ಒಂದು ಬೆಕ್ಕಿನ ಹೊಟ್ಟೆಯನ್ನು ನಾನೇ ಕೆಡಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಡಮಾಡಿದರೆ ನನ್ನ ನೆನಪು ಬೇರೆ ಯಾರನ್ನಾದರೂ ಹೊಣೆ ಮಾಡಿಬಿಡುತ್ತದೆ. ಈಗಾಗಲೇ ಅದರ ಕಣ್ಣು ಹಾಲಿನವನ ಮೇಲೆ ಬಿದ್ದಿದೆ.

ಬೆಕ್ಕು ನನ್ನದಲ್ಲ, ಪಕ್ಕದ ಮನೆಯ ಖಾಲಾ ಅವರದು; ಓಣಿಯವರೆಲ್ಲ ಅವರನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಹಾಗೇ ಕರೆಯುವುದು. ಶಹಾಪುರದ ಈ ಓಣಿಗೆ ಪಾಠ ಹೇಳುವ ಕೆಲಸಕ್ಕೆಂದು ನಾನು ಒಬ್ಬಳೇ ಬಂದು ಎಂಟು ವರ್ಷವಾಯಿತು. ನನ್ನ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಮಗಳ ಬಾಣಂತನಕ್ಕೆಂದು ಅವರು ಗುರುಮಠಕಲ್‌ಗೆ ಹೊರಟಾಗ ಮನೆಯ ಕೀಲಿಯನ್ನೂ ಮುನ್ನಿ ಎಂಬ ಬೂದು ಬೆಕ್ಕನ್ನೂ ನನ್ನ ಕೈಗಿಟ್ಟರು. ಆಟೋ ಹತ್ತುತ್ತ ಅದರ ಊಟದ ವಿಷಯ ಏನೋ ಹೇಳಿದರು. ಏನೆಂದು ಈಗ ನೆನಪಿಲ್ಲ. ಆ ದಿನದ ಡೈರಿ ತೆಗೆದು ನೋಡಿದೆ: "ಖಾಲಾ ಹೋದರು. ಓಣಿ ಸುಮ್ಮನಾಗಿದೆ." ಅಷ್ಟೇ. ಬೆಕ್ಕಿಗೆ ಏನು ಹಾಕಬೇಕೆಂಬುದನ್ನು ಬಿಟ್ಟು ನನ್ನ ಮನಸ್ಸಿಗೆ ಏನಾಯಿತೆಂಬುದನ್ನು ಬರೆದಿಟ್ಟಿದ್ದೆ. ಡೈರಿ ಬರೆಯುವವರ ಮನೆಯಲ್ಲಿ ಯಾವ ಪ್ರಾಣಿಯೂ ಸುರಕ್ಷಿತವಲ್ಲ.

ನೆನಪು ಕೈಕೊಟ್ಟಾಗ ಸಂಪ್ರದಾಯ ಕೈಹಿಡಿಯುತ್ತದೆ. ನಮ್ಮ ಕಡೆ ಅತಿಥಿ "ಸಾಕು" ಅಂದರೆ "ಇನ್ನೊಂದು ಹಾಕಿ" ಎಂದರ್ಥ. ತಾಟಿನ ಮೇಲೆ ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿಯಿಂದಲೇ ತುಪ್ಪ ಸುರಿಯುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಮುನ್ನಿ ಹಾಲು ಅರ್ಧ ಬಿಟ್ಟಿತು. ಸಂಕೋಚವೆಂದು ತಿಳಿದು ಕೆನೆ ಹಾಕಿದೆ. ಕೆನೆ ಬಿಟ್ಟಿತು, ಅನ್ನಕ್ಕೆ ತುಪ್ಪ ಕಲಸಿದೆ. ಅದನ್ನು ಮೂಸಿ ಹೋಯಿತು. ಯಾದಗಿರಿಗೆ ಹೋದಾಗ ಬೆಕ್ಕಿನ ಚಿತ್ರವಿದ್ದ ತಿನಿಸಿನ ಪಾಕೀಟು ತಂದು ಸುರಿದೆ. ತರಗತಿಯಲ್ಲಿ ಪ್ರತಿ ವರ್ಷ ಸಮ್ಮತಿ ಎಂದರೇನು, ನಿರಾಕರಣೆ ಎಂದರೇನು ಎಂದು ರಾಜ್ಯಶಾಸ್ತ್ರದ ಪಾಠ ಮಾಡುತ್ತೇನೆ. ಮನೆಯಲ್ಲಿ ಇದ್ದ ಒಬ್ಬಳೇ ಪ್ರಜೆಯ "ಒಲ್ಲೆ" ನನಗೆ ಕೇಳಿಸಲಿಲ್ಲ.

ನಿಜ ಹೇಳಬೇಕೆಂದರೆ ಅದು ಉಪಚಾರವೂ ಅಲ್ಲ, ಲಂಚ. ಮುನ್ನಿ ಬಂದ ಮೇಲೆ ಸಂಜೆ ಬಾಗಿಲು ತೆಗೆದರೆ ಒಳಗಿನಿಂದ ಒಂದು ಸದ್ದು ಬರುತ್ತಿತ್ತು. ಖಾಲಾ ಮರಳಿದ ಮೇಲೂ ಅದು ನನ್ನ ಮನೆಯಲ್ಲೇ ಉಳಿಯಲಿ, ಅವರು ಕರೆದರೆ ನನ್ನ ಕಡೆ ತಿರುಗಿ ನೋಡಲಿ ಎಂಬ ಆಸೆ ಹುಟ್ಟಿತ್ತು.

ಐದನೆಯ ದಿನಕ್ಕೆ ಭೇದಿ ಶುರುವಾಯಿತು. ಆರನೆಯ ದಿನ ನೀರನ್ನೂ ಮುಟ್ಟದೆ ಕಪಾಟಿನ ಸಂದಿಗೆ ಸೇರಿಕೊಂಡಿತು. ಖಾಲಾ ದಿನವೂ ಫೋನು ಮಾಡುತ್ತಿದ್ದರು. "ಆರಾಮದ," ಎಂದು ನಾನೂ ದಿನವೂ ಹೇಳುತ್ತಿದ್ದೆ.

ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ಎರಡು ಎಮ್ಮೆಗಳ ಹಿಂದೆ ನಮ್ಮ ಪಾಳಿ. ಡಾಕ್ಟರು ಮುನ್ನಿಯ ಕತ್ತಿನ ಚರ್ಮ ಎಳೆದು ಬಿಟ್ಟು ನೋಡಿದರು.

"ಏನೇನ್ ತಿನ್ಸೀರಿ ಮೇಡಮ್ರ?"

ಪಟ್ಟಿ ಒಪ್ಪಿಸಿದೆ.

"ಬೆಕ್ಕಿಗಿ ತಿನ್ಸೀರೋ, ಹೊಸಾ ಅಳಿಯಗ ತಿನ್ಸೀರೋ?"

"ಬೆಕ್ಕು ಹಾಲು ಕುಡೀತದಲ್ರಿ?"

"ಕುಡೀತದ್ರಿ. ದಕ್ಕಬೇಕಲ್ಲ?"

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಯನ್ನು ಎಷ್ಟೋ ಸಲ ಬಳಸಿದ್ದೇನೆ. ಕಣ್ಣು ತೆರೆದ ಮೇಲೆ ಅದರ ಹೊಟ್ಟೆ ಏನಾಯಿತೆಂದು ಗಾದೆ ಕಟ್ಟಿದವರೂ ವಿಚಾರಿಸಿಲ್ಲ.

ಡಾಕ್ಟರು ಒಂದು ಸೂಜಿ ಹಾಕಿದರು. "ಮೊದಲ ಮನ್ಯಾಗ ಏನ್ ತಿಂತಿತ್ತೋ ಅದನ್ನ ಹಾಕ್ರಿ, ಸೊಲ್ಪ ಸೊಲ್ಪ. ನಾಳಿತನಕ ಏನೂ ಮುಟ್ಟಲಿಲ್ಲಂದ್ರ ತಿರುಗಿ ತರ್ರಿ, ಸಲೈನ್ ಹಚ್ಚಬೇಕಾಗ್ತದ. ಸಣ್ಣ ಜೀವ, ಲಗೂನ ಒಣಗ್ತದ."

ಮೊದಲ ಮನೆಯಲ್ಲಿ ಏನು ತಿನ್ನುತ್ತಿತ್ತು? ಅದನ್ನು ಹೇಳಬಲ್ಲವರು ಒಬ್ಬರೇ. ದವಾಖಾನೆಯ ಬೇವಿನ ಮರದ ಕೆಳಗೆ ನಿಂತು ಫೋನು ಹಚ್ಚಿದೆ.

"ಖಾಲಾ, ಮುನ್ನಿಗಿ ಆರಾಮಿಲ್ಲ. ನಾನೇ ಕೆಡಿಸೀನಿ."

"ಯಾ ಅಲ್ಲಾ! ನಿನ್ನಿ ಖುಷ್ ಅದ ಅಂದ್ರಿ?"

"ಸುಳ್ಳ ಹೇಳೀನಿ."

ಆ ಕಡೆ ಕೂಸು ಅಳುವುದು ಕೇಳಿಸಿತು. ಆಮೇಲೆ ಖಾಲಾ ಅಂದರು, "ನಮ್ಮ ಮನಿ ಬಾಗ್ಲ ತಗೀರಿ ಅಕ್ಕೋರ. ಫ್ರಿಜ್ಜಿನ ಬರ್ಫದ ಖಾನ್ಯಾಗ ಕೋಳಿ ತುಂಡ ಅವ. ಉಪ್ಪು ಖಾರ ಇಲ್ದ ಕುದಸ್ರಿ. ಆ ನೀರಾಗ ಚೂರು ಜ್ವಾಳದ ರೊಟ್ಟಿ ನೆನಸ್ರಿ. ಅದು ತಿನ್ನೂದ ಅಷ್ಟ."

"ನಾನು ಕೋಳಿ ಮಾಂಸ ಯಾವತ್ತೂ ಮುಟ್ಟಿಲ್ಲ ಖಾಲಾ."

"ಚಮಚಾದಲೆ ಹಾಕ್ರಿ. ಚಮಚಾಕ್ಕ ಜಾತಿ ಇಲ್ಲ."

ಎಂಟು ವರ್ಷದಲ್ಲಿ ನಾನು ಆ ಮನೆಯ ಹೊಸ್ತಿಲಿನವರೆಗೆ ಮಾತ್ರ ಹೋದವಳು. ಹಬ್ಬಕ್ಕೆ ಅವರು ಕರೆಯುತ್ತಿದ್ದರು, ನಾನು ಪ್ರತಿ ಸಲ ತಲೆನೋವು ಎನ್ನುತ್ತಿದ್ದೆ. ಅವತ್ತು ಅವರ ಒಲೆ ಹಚ್ಚಿ, ಮತ್ತೆ ಖಾಲಾಗೆ ಹಚ್ಚಿದ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ, ಮುಖ ಅತ್ತ ತಿರುಗಿಸಿ ಕೋಳಿ ಬೇಯಿಸಿದೆ. ಬುಟ್ಟಿಯಿಂದ ಇಳಿದ ಮುನ್ನಿ ನನ್ನನ್ನು ಕೇಳದೆ ನೀರಿನ ಕೊಡದ ಪಕ್ಕದ ತನ್ನ ಮೂಲೆಗೆ ನಡೆಯಿತು. ತಟ್ಟೆ ಮುಂದಿಟ್ಟೆ, ಒತ್ತಾಯ ಮಾಡಲಿಲ್ಲ. ಬಹಳ ಹೊತ್ತು ಬರೀ ನೋಡಿತು. ಆಮೇಲೆ ಒಂದು ಸಲ ನೆಕ್ಕಿತು. ಇನ್ನೊಂದು ಸಲ.

"ತಿನ್ನಾಕತ್ತದ," ಎಂದೆ. ಅಳು ಬಂತು. ಅದರ ಭರದಲ್ಲೇ ಉಳಿದದ್ದನ್ನೂ ಹೇಳಿದೆ: "ಇದು ನನ್ನ ಹತ್ರನ ಉಳೀಲಿ ಅಂತ ಇಷ್ಟೆಲ್ಲ ತಿನ್ಸಿದೆ ಖಾಲಾ."

"ಅದ್ರಾಗೇನದ. ಬೆಕ್ಕ ಬೇಕಂದ್ರ ಬೆಕ್ಕಿದ್ದ ಮನಿಗಿ ಬರಬೇಕ್ರಿ. ಒಂದ ಗ್ವಾಡಿ ದಾಟಾಕ ಎಷ್ಟ ವರ್ಷ ಬೇಕು ನಿಮಗ?"

ಲೆಕ್ಕ ಗೊತ್ತಿತ್ತು: ಎಂಟು.

ಖಾಲಾ ಮರಳಿ ತಿಂಗಳಾಯಿತು. ಅವರು ಬಂದ ದಿನ ಮುನ್ನಿ ನನ್ನ ಕಾಲು ದಾಟಿಕೊಂಡೇ ಅವರ ಕಡೆ ಓಡಿತು, ತಿರುಗಿಯೂ ನೋಡಲಿಲ್ಲ. ಸಂಜೆ ನನ್ನ ರೊಟ್ಟಿ ಪಲ್ಯ ತಾಟಿಗೆ ಹಾಕಿಕೊಂಡು ಈಗ ಆ ಮನೆಗೆ ಹೋಗುತ್ತೇನೆ. ಚಾಪೆಯ ನಡುವೆ ಮಲಗಿರುವ ಮುನ್ನಿ ನನಗಾಗಿ ಏಳುವುದಿಲ್ಲ, ಕಣ್ಣೂ ತೆರೆಯುವುದಿಲ್ಲ. ನಾನು ನಿಂತೇ ಇದ್ದರೆ ಮಾತ್ರ ತುಸು ಸರಿಯುತ್ತದೆ. ಒಬ್ಬಳು ಕೂರುವುದಕ್ಕೆ ಅಷ್ಟು ಸಾಕು.